ಡಾಕ್ಟರು ಬರೆದ ಅಂಕಿಯೇ ತೀರ್ಪಲ್ಲ

ರಸ್ತೆ ಅಪಘಾತದಲ್ಲಿ ಕೈಕಾಲು ಕಳೆದುಕೊಂಡವರ ಮನೆಯವರು ಕೋರ್ಟಿನ ಮೆಟ್ಟಿಲು ಹತ್ತುವ ಹೊತ್ತಿಗೆ ಒಂದು ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ ಶೇ 45 ಎಂದಿದ್ದರೆ ಪರಿಹಾರವೂ ಅಷ್ಟೇ. ಶೇ 40ಕ್ಕಿಂತ ಕಡಿಮೆಯಿದ್ದರೆ ಏನೂ ಸಿಗುವುದಿಲ್ಲ. ಯಾರು ಹೇಳಿದರು ಎಂದು ಕೇಳಿದರೆ ಪಕ್ಕದ ಬೆಡ್ಡಿನವರು, ಊರಿನ ಯಾರೋ ತಿಳಿದವರು ಎಂಬ ಉತ್ತರ ಬರುತ್ತದೆ. ಗಾಯಾಳುಗಳಿಗೆ ಇದರಷ್ಟು ನಷ್ಟ ಮಾಡಿದ ನಂಬಿಕೆ ಇನ್ನೊಂದಿಲ್ಲ. ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಮೊದಲು ಆ ನಲವತ್ತರ ಗೊಂದಲ. ಅದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಿಂದ ಬಂದದ್ದು. ಮೀಸಲಾತಿಗೆ ಮತ್ತು ಕೆಲವು ಸರ್ಕಾರಿ ಸೌಲಭ್ಯಗಳಿಗೆ ಬೇಕಾದ ಮಿತಿ. ಮೋಟಾರು ವಾಹನ ಕಾಯ್ದೆಯಡಿ ಪರಿಹಾರ ಕೇಳುವವರಿಗೆ ಅಂಥ ಮಿತಿಯೇ ಇಲ್ಲ.

ಇನ್ನು ಶೇ 45ರ ವಿಷಯ. ಡಾಕ್ಟರು ಅಳೆಯುವುದು ಮಂಡಿ ಎಷ್ಟು ಬಾಗುತ್ತದೆ, ಮೂಳೆ ಎಷ್ಟು ಗಿಡ್ಡವಾಗಿದೆ ಎಂಬುದನ್ನು. ನ್ಯಾಯಮಂಡಳಿ ಅಳೆಯಬೇಕಾದದ್ದು ಈ ಮನುಷ್ಯನ ದುಡಿಮೆ ಎಷ್ಟು ಹೋಯಿತು ಎಂಬುದನ್ನು. ಸುಪ್ರೀಂ ಕೋರ್ಟು 2010ರಲ್ಲೇ ಇದನ್ನು ಬಿಡಿಸಿ ಹೇಳಿದೆ. ಗಾಯಾಳು ಮೊದಲು ಏನು ಕೆಲಸ ಮಾಡುತ್ತಿದ್ದ, ಈಗ ಅದರಲ್ಲಿ ಯಾವುದನ್ನು ಮಾಡಬಲ್ಲ, ಅದಾಗದಿದ್ದರೆ ಬೇರೇನಾದರೂ ಮಾಡಿ ಬದುಕಬಲ್ಲನೇ ಎಂಬುದನ್ನು ನೋಡಿಯೇ ಗಳಿಕೆಯ ನಷ್ಟ ನಿರ್ಧರಿಸಬೇಕು. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ದುಡಿಮೆ ಬಹುಪಾಲು ಪೂರ್ತಿಯಾಗಿ ನಿಂತುಹೋಗುತ್ತದೆ. ಅದೇ ಕೈ ಕಳೆದುಕೊಂಡ ಸರ್ಕಾರಿ ಗುಮಾಸ್ತರು ಅದೇ ಹುದ್ದೆಯಲ್ಲಿ ಉಳಿದರೆ ಅವರಿಗೆ ಗಳಿಕೆಯ ನಷ್ಟ ಇಲ್ಲದಿರಬಹುದು. ಅವರ ಪರಿಹಾರ ಬೇರೆ ಬಾಬತ್ತುಗಳಲ್ಲಿ ಬರುತ್ತದೆ. ಸರ್ಟಿಫಿಕೇಟು ಇಬ್ಬರದೂ ಒಂದೇ.

ಹಣದ ಲೆಕ್ಕದಲ್ಲಿ ಇದರ ಪರಿಣಾಮ ನೋಡಿ. ಮೂವತ್ತು ವರ್ಷದ ಗಾರೆ ಕೆಲಸದವರೊಬ್ಬರ ತಿಂಗಳ ಗಳಿಕೆ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಭವಿಷ್ಯದ ಗಳಿಕೆಗೆಂದು ಶೇ 40 ಸೇರಿಸಿದರೆ 21,000, ವರ್ಷಕ್ಕೆ 2,52,000. ಆ ವಯಸ್ಸಿನ ಗುಣಕ 17, ಒಟ್ಟು 42,84,000. ಮಂಡಿ ಮಡಚಲಾಗದ ಅವರ ಒಂದು ಕಾಲಿಗೆ ಡಾಕ್ಟರು ಶೇ 45 ಬರೆದಿದ್ದಾರೆ. ಒಂದು ಅಂಗದ ವೈಕಲ್ಯದಲ್ಲಿ ಮೂರನೇ ಒಂದು ಭಾಗವನ್ನು ಇಡೀ ದೇಹದ್ದೆಂದು ಹಿಡಿಯುವ ರೂಢಿ ನಮ್ಮಲ್ಲಿದೆ. ಹಾಗೆ ಹಿಡಿದರೆ ಶೇ 15, ಗಳಿಕೆಯ ನಷ್ಟದ ಬಾಬತ್ತಿಗೆ ಬರುವುದು 6,42,600 ರೂಪಾಯಿ. ಈ ಕಾಲಿನಲ್ಲಿ ಸಾರ್ವೆ ಹತ್ತಲಾಗದು, ಸಿಮೆಂಟು ಬಾಂಡ್ಲಿ ಹೊರಲಾಗದು, ಕುಕ್ಕರಗಾಲಿನಲ್ಲಿ ಕೂತು ನೆಲ ಹಾಸಲಾಗದು ಎಂದು ಸಾಕ್ಷ್ಯ ಕೊಟ್ಟು, ನ್ಯಾಯಮಂಡಳಿ ನಷ್ಟವನ್ನು ಶೇ 60 ಎಂದು ಒಪ್ಪಿದರೆ ಅದೇ ಬಾಬತ್ತು 25,70,400. ನಡುವಿನ ಹತ್ತೊಂಬತ್ತು ಲಕ್ಷ ಚಿಲ್ಲರೆ ಎಷ್ಟೋ ಮನೆಗಳಲ್ಲಿ ಕೇಳದೆಯೇ ಹೋಗುತ್ತದೆ.

ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣವೊಂದಿದೆ, 2014ರ ತೀರ್ಪು. ತರಕಾರಿ ಮಾರುತ್ತಿದ್ದ 24ರ ಯುವಕನ ಬಲಗಾಲನ್ನು ಕತ್ತರಿಸಬೇಕಾಯಿತು. ತರಕಾರಿ ವ್ಯಾಪಾರವನ್ನು ಒಂದೆಡೆ ಕೂತೂ ಮಾಡಬಹುದೆಂಬಂತೆ ಹೈಕೋರ್ಟು ನಷ್ಟವನ್ನು ತಗ್ಗಿಸಿತ್ತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಸಗಟು ಮಾರುಕಟ್ಟೆಗೆ ಹೋಗಿ ಮಾಲು ತರಬೇಕು, ಗಾಡಿ ತಳ್ಳಿಕೊಂಡು ಬೀದಿ ಸುತ್ತಬೇಕು, ಇದು ಕಾಲಿನ ಮೇಲೇ ನಿಂತ ಕಸುಬು ಎಂದು ನಷ್ಟವನ್ನು ಶೇ 85ಕ್ಕೆ ನಿಗದಿ ಮಾಡಿತು. ತರಕಾರಿ ಮಾರುವವನ ಹತ್ತಿರ ಸಂಬಳದ ಚೀಟಿ ಕೇಳುವ ಅಗತ್ಯವಿಲ್ಲ ಎಂದೂ ಹೇಳಿತು. ಆದಾಯಕ್ಕೆ ದಾಖಲೆಯಿಲ್ಲ ಎಂದು ಕೈಚೆಲ್ಲಿ ಕೂತ ಕೂಲಿಯವರು, ಬೀದಿ ವ್ಯಾಪಾರಿಗಳು ಈ ತೀರ್ಪನ್ನು ತಿಳಿದಿರಬೇಕು.

ಆದರೆ ಇದು ತಾನಾಗಿ ಬರುವುದಿಲ್ಲ. ಚಿಕಿತ್ಸೆ ಕೊಟ್ಟ ಡಾಕ್ಟರನ್ನು ಸಾಕ್ಷಿಯಾಗಿ ಕರೆಸಬೇಕು. ಮಂಡಿ ಎಷ್ಟು ಬಾಗುತ್ತದೆ ಎಂಬಲ್ಲಿಗೆ ನಿಲ್ಲಿಸದೆ, ಈ ಕಸುಬಿನಲ್ಲಿ ಈತ ಏನೇನು ಮಾಡಲಾರ ಎಂದು ಅವರ ಬಾಯಿಂದಲೇ ಹೇಳಿಸಬೇಕು. ಮೇಸ್ತ್ರಿಯೋ ಜೊತೆಗೆ ದುಡಿಯುತ್ತಿದ್ದವರೋ ಬಂದು ಕೆಲಸದ ಸ್ವರೂಪ ವಿವರಿಸಬೇಕು. ನಿಮ್ಮ ವಕೀಲರು ನಿಮ್ಮ ಕೆಲಸದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿಲ್ಲ ಎಂದರೆ ನೀವೇ ಕೇಳಿ, ಯಾಕೆ ಎಂದು.

ವಕೀಲರ ಮಾತು ಬಂದದ್ದಕ್ಕೆ ಇನ್ನೊಂದು. ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ವಕೀಲರಿಗೆ ಸೇರಬೇಕು, ಅದೇ ಕಾನೂನು ಎಂದು ಜನ ನಂಬಿದ್ದಾರೆ. ಕಾನೂನು ಇದಕ್ಕೆ ನೇರ ವಿರುದ್ಧ. ಕೇಸಿನ ಫಲಿತಾಂಶಕ್ಕೆ ಫೀಸನ್ನು ಗಂಟುಹಾಕುವುದನ್ನೂ, ಬಂದ ಹಣದಲ್ಲಿ ಪಾಲು ಪಡೆಯುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಫೀಸು ಕೊಡುವ ಶಕ್ತಿಯಿಲ್ಲ ಎಂದು ವಾರ್ಡಿಗೇ ಬಂದ ಬ್ರೋಕರ್ ಕೊಟ್ಟ ಖಾಲಿ ಕಾಗದಕ್ಕೆ ಸಹಿ ಹಾಕಬೇಕಾಗಿಯೂ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಪಂಗಡದವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಟ್ಟರಾಯಿತು, ಅಥವಾ 15100ಕ್ಕೆ ಫೋನ್ ಮಾಡಬಹುದು.

ಉಳಿದವು ಬೇಗ ಮುಗಿಯುತ್ತವೆ. ಅಪಘಾತ ಬೇರೆ ರಾಜ್ಯದಲ್ಲಾದರೂ ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಗುದ್ದಿದ ವಾಹನ ಸಿಗದಿದ್ದರೂ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಕೊಡುವ ಯೋಜನೆ 2022ರಿಂದ ಇದೆ. ಗೃಹಿಣಿಯ ಮನೆಗೆಲಸಕ್ಕೂ ನ್ಯಾಯಾಲಯ ಬೆಲೆ ಕಟ್ಟುತ್ತದೆ. ಬೈಕಿನಲ್ಲಿ ಮೂವರು ಕೂತಿದ್ದರು ಎಂಬುದಷ್ಟರಿಂದಲೇ ತಪ್ಪು ಅವರ ತಲೆಗೆ ಬರುವುದಿಲ್ಲ; ಅಪಘಾತಕ್ಕೂ ಅದಕ್ಕೂ ಸಂಬಂಧ ತೋರಿಸಬೇಕು. ಅರ್ಜಿಗೆ ಕಾಲಮಿತಿಯಿಲ್ಲ ಎಂಬುದು ಹಳೆಯ ಮಾತು: 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಕಾಯ್ದೆಯಲ್ಲಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ ಎಂದು ಕಾಯುತ್ತ ಕೂರಬೇಡಿ.

ಒಂದು ಹಸು ಕೊಳ್ಳುವಾಗ ನಾಲ್ಕು ಜನರನ್ನು ವಿಚಾರಿಸಿ ಹಲ್ಲು ಎಣಿಸಿ ನೋಡುವ ನಾವು, ಜೀವಮಾನದ ದುಡಿಮೆಯ ಪ್ರಶ್ನೆ ಬಂದಾಗ ಗಟ್ಟಿ ದನಿಯಲ್ಲಿ ಹೇಳಿದವರನ್ನು ನಂಬಿಬಿಡುತ್ತೇವೆ. ಹೇಳಿದವರು ತೀರ್ಪು ಓದಿದ್ದಾರೆಯೇ, ಅವರಿಗೆ ಇದರಲ್ಲಿ ಏನು ಲಾಭ ಎಂದು ಕೇಳುವುದಿಲ್ಲ. ನಂಬಿದ್ದರ ಬೆಲೆ ತೆರುವವರು ಮಾತ್ರ ಹಾಸಿಗೆಯಲ್ಲಿ ಮಲಗಿರುವವರು.

ಈ ತಪ್ಪು ಲೆಕ್ಕದ ಅತಿ ದೊಡ್ಡ ಪೆಟ್ಟು ಬೀಳುವುದು ಲೋಕ ಅದಾಲತ್‌ನಲ್ಲಿ. ಬೇಗ ಹಣ ಸಿಗುವುದು ನಿಜ, ರಾಜಿಯೂ ಒಳ್ಳೆಯದೇ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ ಮೊತ್ತದ ಮೇಲೆ ಅಪೀಲಿಗೆ ಅವಕಾಶವಿಲ್ಲ. ವಿಮಾ ಕಂಪನಿ ಒಂದು ಮೊತ್ತ ಮುಂದಿಟ್ಟಾಗ ಎರಡನ್ನು ಕೇಳಿ: ದುಡಿಮೆಯ ನಷ್ಟವನ್ನು ಶೇಕಡಾ ಎಷ್ಟು ಹಿಡಿದಿದ್ದೀರಿ, ಯಾವ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೀರಿ? ಉತ್ತರವಾಗಿ ಸರ್ಟಿಫಿಕೇಟಿನ ಅಂಕಿಯನ್ನೇ ತೋರಿಸಿದರೆ ಅಂದು ಸಹಿ ಹಾಕಬೇಡಿ. ಡಾಕ್ಟರ ಮತ್ತು ಮೇಸ್ತ್ರಿಯ ಸಾಕ್ಷ್ಯ ಮುಗಿಯಲಿ.