ವಿದ್ಯೆಯೂ ಕೈಕಸುಬೂ

ಉತ್ತರ ಕನ್ನಡದ ಬಡ ಮಕ್ಕಳ ವಿದ್ಯೆಗೆ ಅಡ್ಡಬಂದದ್ದು ಬುದ್ಧಿಯ ಕೊರತೆಯಲ್ಲ. ಶಾಲೆಯ ದೂರ ಹಾಗೂ ಮನೆಯ ಬಡತನ. ಇದನ್ನರಿತ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಹಳ್ಳಿಗಳ ಬಳಿಗೇ ಪ್ರೌಢಶಾಲೆಗಳನ್ನು ತಂದರು. 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟೆನರಿ ಕಾಲೇಜು ಆರಂಭವಾಯಿತು. ಹೆಣ್ಣುಮಕ್ಕಳನ್ನು ಪರಊರಿನಲ್ಲಿಡಲಾರದ ತಂದೆತಾಯಿಗಳಿಗೆ ಇದು ದೊಡ್ಡ ಉಪಕಾರವಾಯಿತು.

ಆದರೆ ಓದಿನೊಡನೆ ಕಸುಬೂ ಬೇಕೆಂಬದನ್ನು ಸೀಬರ್ಡ್ ನೌಕಾನೆಲೆಯು ಕಲಿಸಿತು. 1986ರಲ್ಲಿ ಅದರ ಶಂಕುಸ್ಥಾಪನೆಯಾದ ಬಳಿಕ ಕಾರವಾರ, ಅಂಕೋಲೆ ತಾಲೂಕುಗಳ ಅನೇಕ ಕುಟುಂಬಗಳು ಗದ್ದೆಯನ್ನೂ ಮೀನು ಹಿಡಿಯುವ ದಡವನ್ನೂ ಬಿಟ್ಟು ಹೊರಡಬೇಕಾಯಿತು. ತಂದೆಯ ಕಸುಬು ಮಕ್ಕಳಿಗೆ ಬರುವ ದಾರಿ ಅಲ್ಲಿಗೆ ಕಡಿಯಿತು.

ಹೊಸ ದಾರಿಯೊಂದು ಅದೇ ನೆಲೆಯಲ್ಲಿರುವದು. ಅಲ್ಲಿಯ ಹಡಗು ದುರಸ್ತಿ ಕಾರ್ಖಾನೆಯು ಅಪ್ರೆಂಟಿಸರನ್ನು ತೆಗೆದುಕೊಳ್ಳುವದು. 1961ರ ಅಪ್ರೆಂಟಿಸ್ ಕಾಯದೆಯಂತೆ, ಕಲಿಯುವ ಕಾಲದಲ್ಲಿಯೇ ಅವರಿಗೆ ತಿಂಗಳ ಭತ್ಯೆ ದೊರೆಯುವದು. ಆದರೆ ಆಯ್ಕೆಯಲ್ಲಿ ಹತ್ತನೆಯ ತರಗತಿಯ ಅಂಕಗಳನ್ನೂ ಐ.ಟಿ.ಐ. ಅಂಕಗಳನ್ನೂ ನೋಡುವರು. ಆದುದರಿಂದ ಶಾಲೆಯನ್ನು ನಡುವೆಯೇ ಬಿಟ್ಟವರಿಗೆ ಫಿಟ್ಟರ್, ವೆಲ್ಡರ್, ಇಲೆಕ್ಟ್ರಿಶಿಯನ್ ಕೆಲಸವೂ ಎಟುಕದು. ತರಬೇತಿ ಮುಗಿದೊಡನೆ ನೌಕರಿ ಖಂಡಿತವೆಂದಲ್ಲ. ಆದರೂ ಕಲಿತ ಕೈಗೂ ಪಡೆದ ಪ್ರಮಾಣಪತ್ರಕ್ಕೂ ಬೇರೆಡೆಯಲ್ಲಿಯೂ ಬೆಲೆಯುಂಟು.

ಪಾಲಕರೇ, ಐ.ಟಿ.ಐ.ಯ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದಿರುವದು. ಹೊಲಿಗೆಯೊಂದೇ ಅವಳಿಗೆ ಸಾಕೆಂದು ನೀವೇ ತೀರ್ಮಾನಿಸಬೇಡಿರಿ, ಅವಳನ್ನು ಕೇಳಿರಿ. ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮ ನೆರೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಮನೆಯಲ್ಲಿ ಕುಳಿತ ಹುಡುಗಿಯಿದ್ದರೆ, ಈ ವರ್ಷ ಅವಳ ಅರ್ಜಿಯನ್ನು ತುಂಬಲು ನೆರವಾಗಿರಿ. ಓದು ಬಲ್ಲವರು ಮಾಡಬಹುದಾದ ಸೇವೆಗಳಲ್ಲಿ ಇದು ಸಣ್ಣದಲ್ಲ.