ಸಂಕಟಕಾಲದ ಮುಂದಾಳು: ಕಥೆಯಲ್ಲಿಯೂ, ನಮ್ಮ ಸೊಲ್ಲಾಪುರದಲ್ಲಿಯೂ



ಈಚಿನ ಚಲಚ್ಚಿತ್ರಗಳಲ್ಲಿ ‘ಜಾಂಬಿ’ ಎಂಬ ನಡೆದಾಡುವ ಹೆಣಗಳ ಕಥೆಯು ನಿಮಗೆ ಬಹು ಪ್ರಿಯವಾಗಿರುವುದನ್ನು ನಾವು ಬಲ್ಲೆವು. ನಮ್ಮ ಅಜ್ಜಿಯರು ಹೇಳುತ್ತಿದ್ದ ಬೇತಾಳನ ಕಥೆಗೆ ಇದು ದೂರದ ನಂಟು. ಈ ಕಲ್ಪನೆಯ ಮೂಲವು ಕೆರಿಬಿಯನ್ ಸಮುದ್ರದ ಹೈತಿ ದೇಶದ ಜನಪದ ನಂಬಿಕೆಯಲ್ಲಿದೆ. 1968ರಲ್ಲಿ ತೆರೆಕಂಡ ಜಾರ್ಜ್ ರೊಮೆರೊ ಅವರ ಚಿತ್ರವು ಅದಕ್ಕೆ ಇಂದಿನ ರೂಪವನ್ನು ಕೊಟ್ಟಿತು. ಇಂತಹ ಕಥೆಗಳಲ್ಲಿ ಒಂದು ಅಂಟುಜಾಡ್ಯವು ಹಬ್ಬಿ, ಊರುಗಳು ಹಾಳಾಗಿ, ಅನ್ನ ನೀರು ಔಷಧಗಳು ದುರ್ಲಭವಾಗುತ್ತವೆ. ಬದುಕಿ ಉಳಿದವನೊಬ್ಬನು ಹತ್ತಾರು ಮಂದಿ ಅಪರಿಚಿತರನ್ನು ಕೂಡಿಸಿಕೊಂಡು ಮುನ್ನಡೆಸುತ್ತಾನೆ.

ಹೆಣವು ಎದ್ದು ನಡೆಯುವುದಿಲ್ಲವೆಂಬುದು ನಿಮಗೆ ಗೊತ್ತು. ಆದರೆ ಆ ಕಥೆಯ ಉಳಿದ ಭಾಗವೆಲ್ಲ ಸುಳ್ಳೆನ್ನುವಂತಿಲ್ಲ. 2020ರಲ್ಲಿ ಕೊರೋನಾ ಜಾಡ್ಯದಿಂದ ಬೀದಿಗಳು ಬರಿದಾಗಿ, ಮಗ್ಗಗಳು ನಿಂತು, ಕೂಲಿಕಾರರು ನಡೆದು ಊರು ಸೇರಿದುದನ್ನು ನಿಮ್ಮ ಪಾಲಕರು ಕಣ್ಣಾರೆ ಕಂಡಿದ್ದಾರೆ. ಹೀಗಿರುವಾಗ, ಕಷ್ಟವು ಬಂದೊದಗಿದಾಗ ಮುಂದಾಳು ಹೇಗಿರಬೇಕೆಂಬ ಪ್ರಶ್ನೆಯು ವಿನೋದದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಇದಕ್ಕೆ ಉತ್ತರವನ್ನು ನಮ್ಮ ಸೊಲ್ಲಾಪುರದಲ್ಲಿಯೇ ಹುಟ್ಟಿದ ಒಬ್ಬ ವೈದ್ಯರ ಬಾಳಿನಲ್ಲಿ ಕಾಣಬಹುದು.

ಅವರೇ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್. ಅವರು 1910ರ ಅಕ್ಟೋಬರ್ 10ರಂದು ಸೊಲ್ಲಾಪುರದಲ್ಲಿ ಜನಿಸಿ, ಮುಂಬಯಿಯಲ್ಲಿ ವೈದ್ಯವಿದ್ಯೆಯನ್ನು ಕಲಿತರು. 1937ರಲ್ಲಿ ಜಪಾನವು ಚೀನದ ಮೇಲೆ ದಂಡೆತ್ತಿ ಹೋಯಿತು. ಗಾಯಾಳುಗಳ ಶುಶ್ರೂಷೆಗೆ ವೈದ್ಯರನ್ನು ಕಳುಹಬೇಕೆಂದು ಚೀನದ ಸೇನಾನಿ ಜೂ ದೆ ಅವರು ಜವಾಹರಲಾಲ ನೆಹರೂ ಅವರನ್ನು ಕೇಳಿಕೊಂಡರು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಜನರಿಂದ ಹಣ ಕೂಡಿಸಿದರು. 1938ರಲ್ಲಿ ಐವರು ವೈದ್ಯರ ತಂಡವು ಹೊರಟಿತು: ಅಲಹಾಬಾದಿನ ಅಟಲ್, ನಾಗಪುರದ ಚೋಳಕರ, ಕಲಕತ್ತೆಯ ಬಸು ಮತ್ತು ಮುಖರ್ಜಿ, ಹಾಗೂ ನಮ್ಮ ಕೋಟ್ನಿಸರು. ನಾಲ್ವರು ಮರಳಿ ಬಂದರು, ಕೋಟ್ನಿಸರು ಬರಲಿಲ್ಲ.

ಅವರ ನಡತೆಯಿಂದ ನಾವು ಕಲಿಯಬೇಕಾದುದೇನು?

ಮೊದಲನೆಯದು, ಕಷ್ಟವಿದ್ದಲ್ಲಿಗೆ ತಾನೇ ಹೋಗುವುದು. ಕೋಟ್ನಿಸರು ಹೆಚ್ಚಿನ ವ್ಯಾಸಂಗಕ್ಕೆ ಸಿದ್ಧರಾಗುತ್ತಿದ್ದ ತರುಣರು. ಮುಂಬಯಿಯಲ್ಲಿ ಸುಖವಾಗಿ ವೃತ್ತಿ ನಡೆಸಬಹುದಿತ್ತು. ಅವರಾದರೋ ಉತ್ತರ ಚೀನದ ರಣಭೂಮಿಗೆ ಹೋದರು. 1940ರ ಒಂದು ಕಾಳಗದ ಕಾಲದಲ್ಲಿ ಅವರು 72 ತಾಸುಗಳವರೆಗೆ ನಿದ್ರೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರೆಂದೂ, 800ಕ್ಕಿಂತ ಹೆಚ್ಚು ಗಾಯಾಳುಗಳನ್ನು ಉಪಚರಿಸಿದರೆಂದೂ ಅವರ ಚರಿತ್ರೆಯು ಹೇಳುತ್ತದೆ. ಸುರಕ್ಷಿತ ಸ್ಥಳದಲ್ಲಿ ನಿಂತು ಅಪ್ಪಣೆ ಕೊಡುವವನ ಮಾತನ್ನು ಜನರು ಬಹುಕಾಲ ಕೇಳುವುದಿಲ್ಲ.

ಎರಡನೆಯದು, ಜನರ ಭಾಷೆಯನ್ನು ಕಲಿಯುವುದು. ಚೀನದ ನುಡಿಯನ್ನು ಅರಿಯದೆ ಹೋಗಿದ್ದ ಕೋಟ್ನಿಸರು ಅದನ್ನು ಕಲಿತು, ಅದರಲ್ಲಿಯೇ ರೋಗಿಗಳೊಡನೆಯೂ ಶಿಷ್ಯರೊಡನೆಯೂ ಮಾತನಾಡಿದರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ನೆರೆಮನೆಯಲ್ಲಿ ತೆಲುಗು ಕೇಳುವ ಸೊಲ್ಲಾಪುರ, ಅಕ್ಕಲಕೋಟೆಗಳ ಮಕ್ಕಳಿಗೆ ಇದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ತನ್ನ ನುಡಿಯನ್ನು ಬಿಡದೆ ಇನ್ನೊಬ್ಬರ ನುಡಿಯನ್ನು ಕಲಿತವನು ಸಂಕಟದ ಹೊತ್ತಿನಲ್ಲಿ ಇಬ್ಬರಿಗೂ ಬೇಕಾದವನಾಗುತ್ತಾನೆ.

ಮೂರನೆಯದು, ಬಲ್ಲದ್ದನ್ನು ಹಂಚುವುದು. 1941ರ ಜನವರಿಯಲ್ಲಿ ಕೋಟ್ನಿಸರು ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಈ ಹೆಸರು ಕೆನಡಾ ದೇಶದ ವೈದ್ಯ ನಾರ್ಮನ್ ಬೆಥೂನರದು. ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳಿಗಾದ ಚಿಕ್ಕ ಗಾಯವು ನಂಜೇರಿ, ಅವರು 1939ರ ನವೆಂಬರಿನಲ್ಲಿ ಮರಣಹೊಂದಿದ್ದರು. ಒಬ್ಬನೇ ಬಲ್ಲವನಿದ್ದು ಅವನು ಇಲ್ಲವಾದರೆ ಉಳಿದವರ ಗತಿಯೇನೆಂಬುದನ್ನು ಇಂತಹ ಘಟನೆಗಳು ತೋರಿಸುತ್ತವೆ. ಕೋಟ್ನಿಸರು ತರುಣರಿಗೆ ಪಾಠ ಹೇಳಿದರು. ಶಸ್ತ್ರವೈದ್ಯದ ಪಠ್ಯಪುಸ್ತಕಗಳನ್ನು ಬರೆಯತೊಡಗಿದರು. ಕಾಗದದ ಮೇಲಿನ ಆ ದುಡಿಮೆಯು ರಣಭೂಮಿಯ ದುಡಿಮೆಗಿಂತ ಕಡಿಮೆಯದಲ್ಲ.

ನಾಲ್ಕನೆಯದನ್ನು ಎಚ್ಚರಿಕೆಯೆಂದು ತಿಳಿಯಿರಿ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಗುವೊ ಚಿಂಗ್‌ಲಾನ್ ಎಂಬವರನ್ನು ಕೋಟ್ನಿಸರು 1941ರಲ್ಲಿ ಮದುವೆಯಾದರು. ಮರುವರ್ಷ ಗಂಡುಮಗುವಾಯಿತು; ಭಾರತ, ಚೀನ ಎರಡನ್ನೂ ಸೂಚಿಸುವಂತೆ ಅದಕ್ಕೆ ‘ಯಿನ್‌ಹುವಾ’ ಎಂದು ಹೆಸರಿಟ್ಟರು. ಅಷ್ಟರಲ್ಲಿ ದುಡಿತದಿಂದ ಅವರ ದೇಹವು ಸೊರಗಿತ್ತು. ಅಪಸ್ಮಾರದ ಬಾಧೆಯೂ ಇತ್ತು. 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ, ಮಗುವಿಗೆ ನಾಲ್ಕು ತಿಂಗಳು ತುಂಬುವ ಮೊದಲೇ ಅವರು ತೀರಿಕೊಂಡರು. ಅವರ ತ್ಯಾಗಕ್ಕೆ ತಲೆಬಾಗೋಣ. ಆದರೆ ಮುಂದಾಳುವೂ ಮನುಷ್ಯನೇ. ಅವನಿಗೂ ನಿದ್ರೆ, ಊಟ, ಔಷಧ ಬೇಕು. ಅವನ ಭಾರವನ್ನು ಹಂಚಿಕೊಳ್ಳುವುದು ಜೊತೆಯವರ ಧರ್ಮ.

ಕಥೆಯ ವೀರನು ಕೊನೆಯವರೆಗೂ ಬದುಕಿ ಉಳಿಯುವುದರಿಂದಲೇ ನಾವು ಅವನನ್ನು ಮೆಚ್ಚುತ್ತೇವೆ. ಕೋಟ್ನಿಸರು ಬದುಕಿ ಉಳಿಯಲಿಲ್ಲ. ಆದರೆ ಅವರು ಉಪಚರಿಸಿದವರು ಉಳಿದರು, ಕಲಿಸಿದವರು ಕೆಲಸವನ್ನು ಮುಂದುವರಿಸಿದರು. ಅವರ ಜೀವನವನ್ನು ಕುರಿತು ವ್ಹಿ. ಶಾಂತಾರಾಮರು 1946ರಲ್ಲಿ ಚಿತ್ರ ತೆಗೆದು, ತಾವೇ ನಾಯಕನ ಪಾತ್ರವನ್ನು ವಹಿಸಿದರು. ಚೀನದ ಶಿಜಿಯಾಝುವಾಂಗ್ ನಗರದಲ್ಲಿ ಅವರ ಸಮಾಧಿಯಿದೆ. ಸೊಲ್ಲಾಪುರದಲ್ಲಿ ಅವರ ಸ್ಮಾರಕವಿದೆ.

ಪಾಲಕರಲ್ಲಿ ಒಂದು ಬಿನ್ನಹ. ನಿಮ್ಮಲ್ಲಿ ಅನೇಕರು ಚಿಂಚೋಳಿಯ ಕೈಗಾರಿಕಾ ವಸಾಹತಿನಲ್ಲಿ ದುಡಿಯುವವರು. ಬೆಂಕಿ ಬಿದ್ದಾಗ ಯಾವ ಬಾಗಿಲಿನಿಂದ ಹೊರಡಬೇಕು, ವಿದ್ಯುತ್ತನ್ನು ಎಲ್ಲಿ ತಡೆಯಬೇಕು, ಗಾಯಕ್ಕೆ ಮೊದಲು ಏನು ಮಾಡಬೇಕು ಎಂಬುದನ್ನು ನೀವು ಬಲ್ಲಿರಿ. ಅದನ್ನು ಹೊಸದಾಗಿ ಸೇರಿದ ಕೆಲಸಗಾರನಿಗೂ ಮನೆಯ ಮಕ್ಕಳಿಗೂ ಕಲಿಸಿರಿ. ಮಕ್ಕಳೇ, ನೀವೂ ಒಂದು ಕೆಲಸ ಮಾಡಬಹುದು. ಬಿಡುವಿನ ದಿನ ತಂದೆತಾಯಿಗಳೊಡನೆ ಹೋಗಿ ಆ ಸ್ಮಾರಕವನ್ನು ನೋಡಿ ಬನ್ನಿರಿ. ನಿಮ್ಮ ತರಗತಿಯಲ್ಲಿ ಹಿಂದುಳಿದ ಒಬ್ಬ ಗೆಳೆಯನಿಗೆ ನೀವು ಬಲ್ಲ ಒಂದು ಪಾಠವನ್ನು ಹೇಳಿಕೊಡಿರಿ. ಮುಂದಾಳುತನದ ಅಭ್ಯಾಸವು ಅಲ್ಲಿಂದಲೇ ಮೊದಲಾಗುತ್ತದೆ.