ಕಿರುಗಣಕಕ್ಕೆ ಒಪ್ಪುವ ನೆಟ್‌ವರ್ಕ್ ಕಾರ್ಡು

2020ರ ಆಗಸ್ಟ್ ತಿಂಗಳು. ಶಾಲೆಗಳ ಬಾಗಿಲು ಮುಚ್ಚಿ, ಪಾಠಗಳೆಲ್ಲ ಮನೆಯ ಪರದೆಗೆ ಬಂದಿದ್ದ ಕಾಲ. ಜೆ.ಪಿ. ನಗರದ ಆರನೇ ಹಂತದಲ್ಲಿ ನಮ್ಮ ಕೆಳಮನೆಯಲ್ಲಿದ್ದ ನಿವೃತ್ತ ಮೇಷ್ಟ್ರು, ಒಂಬತ್ತನೇ ತರಗತಿಯ ಮೊಮ್ಮಗಳಿಗಾಗಿ ಹಳೆಯ ಕಿರುಗಣಕವೊಂದನ್ನು ಕೊಂಡಿದ್ದರು. ನಿಘಂಟಿನಷ್ಟೇ ಗಾತ್ರದ ಪೆಟ್ಟಿಗೆ. ಅದನ್ನು ನಡೆಸುತ್ತಿದ್ದುದು ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ. ನಮ್ಮ ಮನೆಯ ಅಂತರ್ಜಾಲವನ್ನೇ ಅವರೂ ಬಳಸುವುದೆಂದು ಮಾತಾಗಿತ್ತು. ಆದರೆ ಆ ಪೆಟ್ಟಿಗೆಗೆ ನಿಸ್ತಂತು ಸಂಪರ್ಕದ ಸೌಕರ್ಯವಿರಲಿಲ್ಲ.

ಮೇಷ್ಟ್ರು ಸ್ಕೂಟರಿನಲ್ಲಿ ಎಸ್.ಪಿ. ರಸ್ತೆಗೆ ಹೋಗಿ, ಬೆರಳುದ್ದದ ವೈ-ಫೈ ಕಾರ್ಡೊಂದನ್ನು ತಂದು ಚುಚ್ಚಿದರು. ಗಣಕ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅಂಗಡಿಯವರು ಮರಳಿ ಪಡೆಯಲೊಪ್ಪಲಿಲ್ಲ. ಮನೆಯಲ್ಲಿದ್ದ ಒಂದೇ ಫೋನು ಹುಡುಗಿಯ ತಂದೆಯೊಡನೆ ಕೆಲಸಕ್ಕೆ ಹೋಗುತ್ತಿತ್ತು. ಆರು ದಿನಗಳ ಪಾಠ ತಪ್ಪಿಹೋಯಿತು.

“ಎಲ್ಲ ಗಣಕಕ್ಕೂ ಹೊಂದುತ್ತದೆ ಅಂತ ಡಬ್ಬದ ಮೇಲೇ ಇದೆಯಲ್ಲ ಸ್ವಾಮಿ, ನಾನು ಓದಿದ್ದು ತಪ್ಪೇ?” ಎಂದು ಅವರು ಕೇಳಿದರು.

ಮೇಷ್ಟ್ರು ಓದಿದ್ದು ಡಬ್ಬವನ್ನು. ಗಣಕ ಓದುವುದು ಕಾರ್ಡಿನೊಳಗಿನ ಚಿಪ್ ಎಂಬ ಸಿಲಿಕಾನ್ ಬಿಲ್ಲೆಯನ್ನು. ಪ್ರತಿಯೊಂದು ಚಿಪ್‌ಗೂ ಅದರದೇ ಭಾಷೆ. ಆ ಭಾಷೆಯನ್ನು ಗಣಕಕ್ಕೆ ತಿಳಿಯಪಡಿಸುವ ದುಭಾಷಿಯೇ ಡ್ರೈವರ್ ಎಂಬ ತಂತ್ರಾಂಶ. ಲಿನಕ್ಸಿನ ತಿರುಳಿನೊಳಗೇ ಆ ದುಭಾಷಿ ಇದ್ದರೆ ಕೆಲಸ ಸುಲಭ. ಹೊರಗಿನಿಂದ ಕರೆತಂದರೆ, ತಿರುಳು ಹೊಸದಾದಾಗಲೆಲ್ಲ ಅದನ್ನೂ ಹೊಸದಾಗಿ ಕಟ್ಟಬೇಕಾಗುತ್ತದೆ. ಮೇಷ್ಟ್ರಂಥವರಿಗೆ ಅದು ಆಗಹೋಗುವ ಮಾತಲ್ಲ. ಅಥೆರಾಸ್ 9271 ಎಂಬ ಚಿಪ್‌ಗೆ ಲಿನಕ್ಸ್ ತಿರುಳಿನಲ್ಲಿ 2010ರಿಂದಲೂ ದುಭಾಷಿಯುಂಟು. ರಿಯಲ್‌ಟೆಕ್ 8821ಸಿಯು ಚಿಪ್‌ಗೆ ಅದು ದೊರೆತದ್ದು 2023ರ 6.2ನೇ ಆವೃತ್ತಿಯಲ್ಲಿ. ಮಾದರಿಯ ಹೆಸರನ್ನೂ ಪೂರ್ತಿ ನಂಬುವಂತಿಲ್ಲ. ಟಿಪಿ-ಲಿಂಕ್‌ನ 722ಎನ್ ಮಾದರಿಯ ಮೊದಲ ಆವೃತ್ತಿಯಲ್ಲಿದ್ದುದು ಅಥೆರಾಸ್ ಚಿಪ್. ಎರಡನೆಯದರಲ್ಲಿ, ಹೆಸರು ಅದೇ ಇದ್ದರೂ, ರಿಯಲ್‌ಟೆಕ್ ಚಿಪ್ ಬಂತು.

ಹಾಗಾದರೆ ಕೊಳ್ಳುವವನು ಮಾಡಬೇಕಾದುದೇನು? ಲಿನಕ್ಸ್ ಗಣಕಕ್ಕೆ ಕಾರ್ಡನ್ನು ಚುಚ್ಚಿ ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆದೇಶವನ್ನಿತ್ತರೆ, ದುಭಾಷಿ ಇಲ್ಲದಿದ್ದರೂ, ತಯಾರಕರ ಸಂಕೇತ ಮತ್ತು ಉತ್ಪನ್ನದ ಸಂಕೇತ ಎರಡೂ ಪರದೆಗೆ ಬರುತ್ತವೆ. ಅವೇ ಕಾರ್ಡಿನ ಜನ್ಮನಾಮ, ಜನ್ಮನಕ್ಷತ್ರ. ಜಾತಕ ಕೂಡುವುದೋ ಇಲ್ಲವೋ ಎಂಬುದನ್ನು ಅವುಗಳಿಂದ ತಿಳಿಯಬಹುದು. ಕೆಲವು ಕಾರ್ಡುಗಳಿಗೆ ಫರ್ಮ್‌ವೇರ್ ಎಂಬ ಪುಟ್ಟ ಕಡತವೂ ಬೇಕಾಗುತ್ತದೆ.

ಇನ್ನೊಂದು ವಿಷಯ ಅಲೆಗಳದು. 2.4 ಗಿಗಾಹರ್ಟ್ಸ್ ಅಲೆ ಗೋಡೆಗಳನ್ನು ದಾಟಿ ಹೆಚ್ಚು ದೂರ ಬರುತ್ತದೆ. ಆದರೆ ನಮ್ಮಂಥ ಒತ್ತೊತ್ತು ಮನೆಗಳ ಬಡಾವಣೆಯಲ್ಲಿ ಅಲ್ಲಿ ಸಂತೆಯ ಗದ್ದಲ. 5 ಗಿಗಾಹರ್ಟ್ಸ್‌ನಲ್ಲಿ ವೇಗ ಹೆಚ್ಚು, ಗೋಡೆಯೆದುರು ಬಲ ಕಡಿಮೆ. ಮಹಡಿಯಿಂದ ಕೆಳಮನೆಗೆ ಕಾಂಕ್ರೀಟು ತಾರಸಿಯನ್ನು ದಾಟಬೇಕಿದ್ದ ನಮಗೆ ಮೊದಲನೆಯದೇ ಸಾಕೆನಿಸಿತು.

ಈ ವಿಚಾರಣೆ ನಡೆಯುವವರೆಗೆ ಹುಡುಗಿಯ ಪಾಠ ಕಾಯುವಂತಿರಲಿಲ್ಲ. ಪೆಟ್ಟಿಗೆಯ ಹಿಂಬದಿಯಲ್ಲಿ ತಂತಿ ಸಿಕ್ಕಿಸುವ ಕಿಂಡಿಯಿದ್ದುದನ್ನು ನಾವಿಬ್ಬರೂ ಮರೆತೇಬಿಟ್ಟಿದ್ದೆವು! ಈಥರ್‌ನೆಟ್ ತಂತಿ 100 ಮೀಟರುಗಳವರೆಗೆ ಸಾಗಬಲ್ಲುದು. ನಮ್ಮ ಬಾಲ್ಕನಿಯಿಂದ ಅವರ ಕಿಟಕಿಗೆ ಇಪ್ಪತ್ತು ಮೀಟರು ಸಾಕಾಯಿತು. ಏಳನೆಯ ದಿನ ಬೆಳಿಗ್ಗೆ ಹುಡುಗಿ ಬೀಜಗಣಿತದ ಪಾಠಕ್ಕೆ ಕುಳಿತಳು.

ಮರುವಾರ ಮೇಷ್ಟ್ರು ಕಿರುಗಣಕವನ್ನೇ ಕೈಚೀಲದಲ್ಲಿಟ್ಟುಕೊಂಡು ಬೇರೊಂದು ಅಂಗಡಿಗೆ ಹೋದರು. ಅಲ್ಲಿಯ ಪರದೆಗೆ ಜೋಡಿಸಿ, ಮೂರು ಕಾರ್ಡುಗಳನ್ನು ಚುಚ್ಚಿ ನೋಡಿ, ಮೂರನೆಯದಕ್ಕೆ ಹಣ ಕೊಟ್ಟರು. ತಂತಿಯನ್ನು ನಾವು ತೆಗೆಯಲಿಲ್ಲ. ವೈ-ಫೈ ಮುನಿಸಿಕೊಂಡ ದಿನ ಅದು ಬೇಕಾಗುತ್ತಿತ್ತು. ಉಳಿದ ದಿನ ಅದರ ಮೇಲೆ ಮೇಷ್ಟ್ರ ಟವೆಲು ಒಣಗುತ್ತಿತ್ತು.